ಸಿಂಪರಣಾ ಯಂತ್ರದ ಪಂಪಿಗೆ ಎರಡು ಅಳತೆ



ಎರೆ ಹೊಲದಲ್ಲಿ ಕಡಲೆ ಹೂ ಬಿಡುವ ಕಾಲಕ್ಕೆ ಕಾಯಿಕೊರಕ ಹುಳುವಿನ ಚಿಂತೆ ಒಕ್ಕಲಿಗನಿಗೆ ತಪ್ಪಿದ್ದಲ್ಲ. ಮರಿ ಸಣ್ಣದಿರುವಾಗ ಎಲೆ ಮೇಯುತ್ತದೆ. ಬಲಿತ ಮೇಲೆ ಕಾಯಿಗೆ ತೂತು ಕೊರೆದು, ತಲೆಯನ್ನು ಒಳಗೆ ತೂರಿಸಿ ಕಾಳು ತಿನ್ನುತ್ತದೆ. ಸಣ್ಣದಿರುವಾಗಲೇ ಔಷಧ ತಾಗಿದರೆ ಸತ್ತೀತು, ಬಲಿತರೆ ಕಷ್ಟ. ಗದಗ, ಧಾರವಾಡ, ವಿಜಯಪುರ, ಕಲಬುರಗಿಯ ಕಡೆ ಈ ಕೆಲಸಕ್ಕೆ ಟ್ರ್ಯಾಕ್ಟರಿಗೆ ಕಟ್ಟಿದ ಸಿಂಪರಣಾ ಯಂತ್ರವನ್ನು ಬಾಡಿಗೆಗೆ ತರುವವರೂ ಇದ್ದಾರೆ, ಸ್ವಂತಕ್ಕೆ ಇಟ್ಟುಕೊಂಡವರೂ ಇದ್ದಾರೆ.

"ಎಣ್ಣೆ ಹೊಡೆಸಿದೆವು, ಹುಳು ಸಾಯಲಿಲ್ಲ. ಅಂಗಡಿಯವನು ಕಲಬೆರಕೆ ಮಾಲು ಕೊಟ್ಟ" ಎಂಬ ಮಾತು ಆಗಾಗ ಕೇಳಿಬರುತ್ತದೆ. ಮಾಲು ಕೆಟ್ಟದ್ದು ಇರಲೂಬಹುದು. ಆದರೆ ಅಂಗಡಿಗೆ ಜಗಳಕ್ಕೆ ಹೋಗುವ ಮೊದಲು ಪಂಪನ್ನು ಒಂದು ಮಾತು ಕೇಳಿ ನೋಡಿ.

ಪಂಪಿಗೂ ಹುಳುವಿಗೂ ಏನು ಸಂಬಂಧ ಅಂತೀರಾ? ಲೆಕ್ಕ ಹಾಕೋಣ. ಯಂತ್ರದ ತೋಳು 6 ಮೀಟರು ಅಗಲ, ಅದಕ್ಕೆ 12 ನಾಜಲು. ಟ್ರ್ಯಾಕ್ಟರು ಗಂಟೆಗೆ 4 ಕಿಲೋಮೀಟರಿನಂತೆ ನಡೆದರೆ ಒಂದು ಎಕರೆಗೆ ಹತ್ತು ನಿಮಿಷ ಹಿಡಿಯುತ್ತದೆ. ಹನ್ನೆರಡೂ ನಾಜಲು ಸೇರಿ ನಿಮಿಷಕ್ಕೆ 20 ಲೀಟರು ಬಿಟ್ಟರೆ ಎಕರೆಗೆ 200 ಲೀಟರು ಬಿತ್ತು. ನೀವು ಒಂದು ಎಕರೆಯ ಔಷಧವನ್ನು 200 ಲೀಟರಿಗೇ ಕಲಸಿದ್ದೀರಿ. ನಾಜಲುಗಳಿಂದ 15 ಲೀಟರು ಮಾತ್ರ ಬಂದರೆ? ಎಕರೆ ಮುಗಿದರೂ ಟಾಕಿಯಲ್ಲಿ 50 ಲೀಟರು ಉಳಿಯುತ್ತದೆ. ಅಂದರೆ ಔಷಧದ ಕಾಲು ಪಾಲು ಬೆಳೆಗೆ ಬೀಳಲೇ ಇಲ್ಲ. ಹುಳು ಸಾಯದಿದ್ದರೆ ಆಶ್ಚರ್ಯವೇನು?

"ಒತ್ತಡದ ಮುಳ್ಳು ಸರಿಯಾದ ಜಾಗದಲ್ಲೇ ನಿಂತಿತ್ತಲ್ಲ" ಎಂದು ಕೆಲವರು ಕೇಳುತ್ತಾರೆ. ಮುಳ್ಳು ಹೇಳುವುದು ನೀರು ಎಷ್ಟು ಒತ್ತಿಕೊಂಡಿದೆ ಎಂಬುದನ್ನು; ಎಷ್ಟು ನೀರು ಹೊರಟಿತು ಎಂಬುದನ್ನಲ್ಲ. ನಾಜಲು ಕಟ್ಟಿಕೊಂಡಿದ್ದರೂ ಮುಳ್ಳು ಮೇಲೇ ನಿಲ್ಲುತ್ತದೆ. ಆದ್ದರಿಂದ ನೀರನ್ನೇ ಅಳೆಯಬೇಕು. ಅದೂ ಎರಡು ಸಲ: ಒತ್ತಡವಿಲ್ಲದೆ ಒಮ್ಮೆ, ಒತ್ತಡದಲ್ಲಿ ಒಮ್ಮೆ.

ಎರಡು ಸಲ ಏಕೆ? ಸೈಕಲ್ಲಿಗೆ ಗಾಳಿ ಹಾಕುವ ಪಂಪನ್ನು ನೆನೆಯಿರಿ. ಒಳಗಿನ ವಾಷರು ಸವೆದಿದ್ದರೂ ಬರಿದೇ ಒತ್ತಿದರೆ ಬುಸ್ ಎಂದು ಗಾಳಿ ಬರುತ್ತದೆ. ಚಕ್ರಕ್ಕೆ ಸಿಕ್ಕಿಸಿ ಒತ್ತಿ ನೋಡಿ. ಗಾಳಿ ಟ್ಯೂಬಿಗೆ ಹೋಗದೆ ಹಿಂದಕ್ಕೇ ನುಸುಳುತ್ತದೆ. ಸಿಂಪರಣೆಯ ಪಂಪೂ ಹಾಗೆಯೇ. ಸವೆದ ಪಂಪಿನ ಬಣ್ಣ ಬಯಲಾಗುವುದು ಭಾರ ಬಿದ್ದಾಗ.

ಈಗ ಅಳೆಯುವ ಕ್ರಮ. ಬೇಕಾದದ್ದು 20 ಲೀಟರಿನ ಎರಡು ಬಕೀಟು, ಲೀಟರು ಗೆರೆಯ ಒಂದು ಪಾತ್ರೆ, ಸೆಕೆಂಡು ತೋರುವ ಗಡಿಯಾರ. ಟಾಕಿಯನ್ನು ತೊಳೆದು ಬರೀ ಶುದ್ಧ ನೀರು ತುಂಬಿರಿ. ಪಂಪು ನೀರೆಳೆಯುವ ಕಡೆಯ ಜಾಲರಿಯನ್ನು ತೊಳೆಯಿರಿ. ಟ್ರ್ಯಾಕ್ಟರಿನ ಹಿಂದಿನ ಪಿ.ಟಿ.ಓ. ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುವಂತೆ ಇಂಜಿನ್ನಿನ ವೇಗ ಇಡಿ. ಹೊಲದಲ್ಲಿ ಯಾವ ವೇಗವೋ ಅಳೆಯುವಾಗಲೂ ಅದೇ ವೇಗ.

ಮೊದಲ ಅಳತೆ: ನಾಜಲುಗಳ ಕಡೆಯ ಬಾಗಿಲು ಮುಚ್ಚಿ, ಒತ್ತಡದ ತಿರುಪನ್ನು ಪೂರ್ತಿ ಸಡಿಲ ಬಿಡಿ. ಟಾಕಿಗೆ ಹಿಂದಿರುಗುವ ಪೈಪನ್ನು ಬಕೀಟಿಗೆ ಹಿಡಿದು ಅರ್ಧ ನಿಮಿಷ ನೀರು ತುಂಬಿ. 18 ಲೀಟರು ಬಂದರೆ ನಿಮಿಷಕ್ಕೆ 36 ಎಂದಾಯಿತು. ಪಂಪಿನ ಮೇಲಿನ ತಗಡಿನಲ್ಲಿ ಬರೆದ ಅಂಕಿಯೊಡನೆ ಹೋಲಿಸಿ.

ಎರಡನೆಯ ಅಳತೆ: ನಾಜಲುಗಳನ್ನು ತೆರೆದು, ಅವುಗಳಿಗೆ ಹೇಳಿದ ಒತ್ತಡಕ್ಕೆ ಮುಳ್ಳನ್ನು ತನ್ನಿ. ಒಂದೊಂದು ನಾಜಲಿನ ನೀರನ್ನೂ ಅರ್ಧ ನಿಮಿಷ ಹಿಡಿದು ಬರೆದುಕೊಳ್ಳಿ. ಹಿಂದಿರುಗುವ ನೀರನ್ನೂ ಅಷ್ಟೇ ಹೊತ್ತು ಹಿಡಿಯಿರಿ. ಎಲ್ಲ ಕೂಡಿಸಿ ಎರಡರಿಂದ ಗುಣಿಸಿ. ನಾಜಲುಗಳದು 20, ಹಿಂದಿರುಗಿದ್ದು 14, ಒಟ್ಟು 34 ಆದರೆ ಪಂಪು ಗಟ್ಟಿ ಇದೆ. ಒಟ್ಟು 23ಕ್ಕೆ ಇಳಿದರೆ ಒಳಗೆ ಸವೆತವಿದೆ.

ಇಲ್ಲೊಂದು ಸೂಕ್ಷ್ಮ ಗಮನಿಸಿ. ಪಂಪು ಸೊರಗತೊಡಗಿದಾಗ ಮೊದಲು ಕಡಿಮೆಯಾಗುವುದು ನಾಜಲಿನ ನೀರಲ್ಲ, ಹಿಂದಿರುಗುವ ನೀರು. ತೋಳಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಅನೇಕ ಯಂತ್ರಗಳಲ್ಲಿ ಟಾಕಿಯ ಔಷಧವನ್ನು ಕಲಕುವುದು ಹಿಂದಿರುಗುವ ನೀರೇ. ಅದು ಸೊರಗಿದರೆ ಪುಡಿಯ ಔಷಧ ತಳಕ್ಕೆ ಕೂಡುತ್ತದೆ. ಹೊಲದ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ತೆಳು. ಆದ್ದರಿಂದ ಹಿಂದಿರುಗುವ ನೀರನ್ನು ಅಳೆಯದೆ ಬಿಡಬೇಡಿ.

ಅಳತೆಯೇ ರೋಗದ ಜಾಗವನ್ನೂ ತೋರಿಸುತ್ತದೆ. ಎರಡೂ ಸಲ ನೀರು ಕಡಿಮೆ ಬಂದರೆ ಜಾಲರಿ ನೋಡಿ, ಎಳೆಯುವ ಪೈಪಿನ ಬಿಗಿ ನೋಡಿ. ಹಿಂದಿರುಗುವ ನೀರಿನಲ್ಲಿ ಗುಳ್ಳೆ ಬಂದರೆ ಎಲ್ಲೋ ಗಾಳಿ ಸೇರುತ್ತಿದೆ. ಮೊದಲ ಅಳತೆ ಸರಿಯಿದ್ದು ಎರಡನೆಯದು ಮಾತ್ರ ಇಳಿದರೆ ವಾಲ್ವು, ಸೀಲು, ಪ್ಯಾಕಿಂಗು ಸವೆದಿರಬೇಕು. ಬೆಲ್ಟಿನಿಂದ ನಡೆಯುವ ಪಂಪಾದರೆ ಬಿಚ್ಚುವ ಮೊದಲು ಬೆಲ್ಟು ಜಾರುತ್ತಿದೆಯೇ ನೋಡಿ. ಒಂದೇ ನಾಜಲು ಹೊಸದಕ್ಕಿಂತ ಹತ್ತರಲ್ಲಿ ಒಂದು ಪಾಲು ಹೆಚ್ಚು ನೀರು ಬಿಟ್ಟರೆ ಅದು ಸವೆದಿದೆ, ಬದಲಿಸಿ. ಕಡಿಮೆ ಬಿಟ್ಟರೆ ಮೆತ್ತನೆಯ ಬ್ರಷ್ಷಿನಿಂದ ತೊಳೆಯಿರಿ. ತಂತಿ ಚುಚ್ಚಬೇಡಿ, ಬಾಯಿಂದ ಊದುವುದಂತೂ ಕೂಡದೇ ಕೂಡದು.

ಜೀವಕ್ಕೆ ಸಂಬಂಧಿಸಿದ ಮಾತು ಇನ್ನೂ ಇದೆ. ತಿರುಗುವ ಶಾಫ್ಟಿಗೆ ಮುಚ್ಚಳ ಇರಲೇಬೇಕು. ಸೀರೆಯ ಸೆರಗು, ಹೆಗಲ ಮೇಲಿನ ಟವೆಲು, ಪಂಚೆಯ ತುದಿ ಅದರ ಹತ್ತಿರ ಸುಳಿಯಬಾರದು. ಒತ್ತಡದ ಪೈಪು ಸೋರಿದರೆ ಕೈಯಿಟ್ಟು ಹುಡುಕಬೇಡಿ. ಇಂಜಿನ್ನು ನಿಲ್ಲಿಸಿ, ಒತ್ತಡ ಇಳಿಸಿ, ಆಮೇಲೆ ಕೈ ಹಾಕಿ. ಔಷಧ ಓಡಾಡಿದ ಯಂತ್ರವಾದ್ದರಿಂದ ಕೈಗೆ ಗವಸು ಇರಲಿ. ಆ ಬಕೀಟು, ಆ ಪಾತ್ರೆ ಮತ್ತೆ ಅಡಿಗೆಮನೆಗೆ, ದನಕ್ಕೆ ನೀರಿಡುವುದಕ್ಕೆ ಬೇಡ. ಮಕ್ಕಳನ್ನು ದೂರ ಇಡಿ. ಲೆಕ್ಕ ಕೂಡಿಸುವ ಕೆಲಸ ಬೇಕಾದರೆ ಜಗುಲಿಯ ಮೇಲೆ ಕೂತು ಅವರೇ ಮಾಡಲಿ.

ತಾರೀಖು ಹಾಕಿ ಎರಡೂ ಅಳತೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಬರುವ ಹಂಗಾಮಿಗೆ ಮತ್ತೆ ಅಳೆದಾಗ ಪಂಪು ಎಷ್ಟು ಇಳಿದಿದೆ ಎಂಬುದು ತಾನಾಗಿ ತಿಳಿಯುತ್ತದೆ. ಯಂತ್ರ ಬಾಡಿಗೆಯದಾದರೆ ಹಣ ಕೊಡುವ ಮೊದಲೇ ಅಳೆದು ತೋರಿಸಲು ಕೇಳಿ. ಕೇಳುವುದರಲ್ಲಿ ಸಂಕೋಚವೇನೂ ಬೇಡ. ಕಾಳು ಕೊಳ್ಳುವವನು ತಕ್ಕಡಿ ನೋಡುವುದಿಲ್ಲವೇ? ಅರ್ಧ ಗಂಟೆಯ ಈ ಕೆಲಸಕ್ಕೆ ಖರ್ಚಾಗುವುದು ಒಂದಷ್ಟು ನೀರು. ಉಳಿಯುವುದು ನಿಮ್ಮ ಔಷಧದ ದುಡ್ಡು, ನಿಮ್ಮ ಕಡಲೆ.