ಎರಿ ಹೊಲದ ಹಳೆ ರೊಕ್ಕ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಎರಿ ಹೊಲಕ್ಕೆ ಒಂದು ಗುಣವಿದೆ. ಬೇಸಿಗೆಯಲ್ಲಿ ಅದು ಬಾಯಿ ಬಿಡುತ್ತದೆ. ತೋಳು ಇಳಿಯುವಷ್ಟು ಆಳದ ಬಿರುಕುಗಳಲ್ಲಿ ಮೇಲಿದ್ದ ಸಣ್ಣ ವಸ್ತುಗಳು ಒಳಕ್ಕೆ ಜಾರುತ್ತವೆ. ಮಳೆ ಬಿದ್ದರೆ ಮಣ್ಣು ಉಬ್ಬಿ, ಒಳಗಿದ್ದುದನ್ನು ವರ್ಷವರ್ಷಕ್ಕೆ ಅಷ್ಟಷ್ಟೇ ಮೇಲಕ್ಕೆ ನೂಕುತ್ತದೆ. ಹಳೆಯ ಊರು ಹಾಳುಬಿದ್ದ ದಿಬ್ಬಗಳಲ್ಲಿ ದೊಡ್ಡ ಮಳೆಯ ಮರುದಿನ ಮಡಿಕೆಯ ಚೂರು, ಮಣಿ, ಒಮ್ಮೊಮ್ಮೆ ಹಸಿರುಗಟ್ಟಿದ ತಾಮ್ರದ ಬಿಲ್ಲೆ ಕಣ್ಣಿಗೆ ಬೀಳುವುದು ಇದರಿಂದಲೇ.

ಆ ಬಿಲ್ಲೆ ಯಾರ ಕಾಲದ ರೊಕ್ಕ? ಭೀಮೆಯಿಂದ ಕೃಷ್ಣೆಯವರೆಗಿನ ಈ ಸೀಮೆಯನ್ನು ಕಲ್ಯಾಣದ ಚಾಲುಕ್ಯರು, ಕಲಚುರಿಗಳು, ಸೇವುಣರು, ಬಹಮನಿಗಳು, ಆದಿಲಶಾಹಿಗಳು, ಮೊಗಲರು, ಮರಾಠರು ಸರದಿಯಂತೆ ಆಳಿದರು. ಒಬ್ಬೊಬ್ಬರ ಹಣವೂ ಇಲ್ಲಿನ ಸಂತೆಗಳಲ್ಲಿ ಓಡಾಡಿತು. ಬ್ಯಾಂಕಿಲ್ಲದ ಕಾಲದಲ್ಲಿ ಗಡಿಗೆಯಲ್ಲಿಟ್ಟು ಹೂಳುವುದೇ ಠೇವಣಿ. ಹೂಳಿದವರು ತಿರುಗಿ ಬರದಿದ್ದರೆ ಅದು ನಿಧಿಯಾಯಿತು.

ಆದರೆ ಹೂಳಿಟ್ಟ ಹಣಕ್ಕಿಂತ ಚೆಲ್ಲಿಹೋದ ಹಣದ ಕತೆ ಹೆಚ್ಚು ಸ್ವಾರಸ್ಯದ್ದು. 1565ರ ಜನವರಿಯಲ್ಲಿ ವಿಜಯನಗರದ ಅಳಿಯ ರಾಮರಾಯನಿಗೂ ದಖ್ಖನಿನ ಸುಲ್ತಾನರಿಗೂ ನಡೆದ ಯುದ್ಧವನ್ನು ತಾಳಿಕೋಟೆ ಯುದ್ಧವೆಂದೂ, ರಕ್ಕಸಗಿ-ತಂಗಡಗಿ ಯುದ್ಧವೆಂದೂ ಕರೆಯುತ್ತಾರೆ. ರಕ್ಕಸಗಿ, ತಂಗಡಗಿ ಎರಡೂ ಮುದ್ದೇಬಿಹಾಳ ಸೀಮೆಯ ಹಳ್ಳಿಗಳು. ತಾಳಿಕೋಟೆಯೂ ಮೊದಲು ಅದೇ ತಾಲ್ಲೂಕಿನಲ್ಲಿತ್ತು, ಈಗ ಬೇರೆ ತಾಲ್ಲೂಕಾಗಿದೆ. ಇಷ್ಟು ಹೆಸರುಗಳಿದ್ದರೂ ರಣರಂಗ ನದಿಯ ಈಚೆಗೋ ಆಚೆಗೋ, ಯಾವ ಹೊಲಗಳಲ್ಲೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ.

ಇಲ್ಲಿಯೇ ದುಡ್ಡು ಸಾಕ್ಷಿಗೆ ಬರುತ್ತದೆ. ಆದಿಲಶಾಹಿ ಆಸ್ಥಾನದಲ್ಲಿದ್ದು ಇತಿಹಾಸ ಬರೆದ ಫಿರಿಶ್ತಾ ಒಂದು ಸಂಗತಿ ಹೇಳುತ್ತಾನೆ. ವಿಜಯನಗರದ ಸೈನ್ಯ ತೀರಾ ಹತ್ತಿರ ಬಂದಾಗ ಅಹ್ಮದನಗರದ ತೋಪುಗಳ ಮುಖ್ಯಸ್ಥ ರೂಮಿ ಖಾನನು ಗುಂಡಿನ ಬದಲು ತಾಮ್ರದ ದುಡ್ಡಿನ ಚೀಲಗಳನ್ನೇ ತೋಪಿಗೆ ತುಂಬಿಸಿ ಹಾರಿಸಿದನಂತೆ. ಈ ಮಾತು ಪೂರಾ ನಿಜವಾಗಿದ್ದರೆ ಕೃಷ್ಣೆಯ ದಂಡೆಯ ಯಾವುದೋ ಹೊಲಗಳಲ್ಲಿ ಮಣಿದ, ಜಜ್ಜಿಹೋದ ತಾಮ್ರದ ನಾಣ್ಯಗಳು ಒಂದೇ ದಿಕ್ಕಿಗೆ ಚೆಲ್ಲಿ ಬಿದ್ದಿರಬೇಕು. ಎಲ್ಲೆಲ್ಲಿ ಎಷ್ಟೆಷ್ಟು ಸಿಕ್ಕವೆಂದು ನಕ್ಷೆಯಲ್ಲಿ ಗುರುತು ಹಾಕಿದರೆ ನಾಲ್ಕೂವರೆ ಶತಮಾನದ ವಾದ ತೀರಬಹುದು. ಒಂದೊಂದಾಗಿ ಹೆಕ್ಕಿ ಜೇಬಿಗೆ ಹಾಕಿಕೊಂಡರೆ ಎಂದೂ ತೀರದು.

ಹೀಗೆ ನಕ್ಷೆ ಹಾಕಿ ಗೆದ್ದ ಉದಾಹರಣೆ ಅಮೆರಿಕದಲ್ಲಿದೆ. 1876ರಲ್ಲಿ ಮೊಂಟಾನದ ಲಿಟಲ್ ಬಿಗ್ ಹಾರ್ನ್ ನದಿಯ ಬಳಿ ಜನರಲ್ ಕಸ್ಟರನ ದಳವನ್ನು ಅಲ್ಲಿನ ಮೂಲನಿವಾಸಿಗಳು ಸೋಲಿಸಿದರು. 1983ರಲ್ಲಿ ಆ ಬಯಲಿನ ಹುಲ್ಲು ಸುಟ್ಟುಹೋಯಿತು. ಮರುವರ್ಷ ಪುರಾತತ್ವಜ್ಞರು ಲೋಹಶೋಧಕ ಹಿಡಿದ ಹವ್ಯಾಸಿಗಳನ್ನು ಸಾಲಾಗಿ ನಡೆಸಿ, ಸಿಕ್ಕ ಪ್ರತಿ ತೋಟೆಯ ಜಾಗ ಬರೆದುಕೊಂಡರು. ಯಾವ ಬಂದೂಕು ಎಲ್ಲಿಂದ ಎಲ್ಲಿಗೆ ಸರಿಯಿತೆಂಬುದು ಕೂಡ ಹೊರಬಿತ್ತು.

ಈ ಲೋಹಶೋಧಕ ಮಾಯದ ಪೆಟ್ಟಿಗೆಯೇನಲ್ಲ. ತಂತಿಯ ಸುರುಳಿಯಲ್ಲಿ ಹರಿಯುವ ವಿದ್ಯುತ್ತು ನೆಲದೊಳಗೆ ಕಾಂತಕ್ಷೇತ್ರ ಹಬ್ಬಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲೂ ಸಣ್ಣ ವಿದ್ಯುತ್ತು ಹುಟ್ಟಿ ಮರುದನಿಯಂತೆ ಹಿಂದಿರುಗುತ್ತದೆ, ಯಂತ್ರ ಕೂಗುತ್ತದೆ. ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್ 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದಲ್ಲಿ ಸೇರಿದ್ದ ಗುಂಡನ್ನು ಹುಡುಕಲು ಇಂಥದೇ ಉಪಕರಣ ಬಳಸಿ ವಿಫಲನಾದ. ಒಂಟಿ ನಾಣ್ಯವಾದರೆ ಸಾಮಾನ್ಯ ಯಂತ್ರಕ್ಕೆ ಗೇಣು ಆಳದವರೆಗೆ ಮಾತ್ರ ಕಾಣುತ್ತದೆ. ಎರಿ ಮಣ್ಣು ಕರಿಕಲ್ಲು ಸವೆದು ಆದದ್ದು, ಅದರೊಳಗಿನ ಕಬ್ಬಿಣದ ಅಂಶಕ್ಕೇ ಯಂತ್ರ ಸುಮ್ಮಸುಮ್ಮನೆ ಕೂಗಬಲ್ಲದು. ಉಳಿದ ಕೂಗಿಗೆಲ್ಲ ಸಿಗುವುದು ಹೆಚ್ಚಾಗಿ ಮೊಳೆ, ಬಾಟಲಿಯ ಮುಚ್ಚಳ, ಮುರಿದ ಕುಂಟೆಯ ತುಂಡು.

ಇಂಗ್ಲೆಂಡಿನಲ್ಲಿ ಇದು ಸಾವಿರಾರು ಜನರ ರಜಾದಿನದ ಹವ್ಯಾಸ. 1992ರಲ್ಲಿ ಸಫೋಕ್ ಪ್ರಾಂತದ ಹಾಕ್ಸ್‌ನ್ ಹಳ್ಳಿಯಲ್ಲಿ ಎರಿಕ್ ಲಾಸ್ ಎಂಬಾತ ಹೊಲದಲ್ಲಿ ಕಳೆದ ಸುತ್ತಿಗೆ ಹುಡುಕಲು ಯಂತ್ರ ಹಿಡಿದು ಹೋಗಿ ರೋಮನ್ನರ ನಿಧಿ ಕಂಡ. ಸ್ವಲ್ಪ ಅಗೆದವನು ಅಲ್ಲಿಗೇ ನಿಲ್ಲಿಸಿ ಸುದ್ದಿ ಮುಟ್ಟಿಸಿದ. ಮರುದಿನ ಪುರಾತತ್ವಜ್ಞರು ಬಂದು ಅಗೆದಾಗ ಸುಮಾರು 15 ಸಾವಿರ ನಾಣ್ಯಗಳ ಜೊತೆಗೆ ಅವನ್ನಿಟ್ಟಿದ್ದ ಮರದ ಪೆಟ್ಟಿಗೆಯ ಗುರುತೂ ಸಿಕ್ಕಿತು. ಸುತ್ತಿಗೆಯೂ ಸಿಕ್ಕಿ, ನಿಧಿಯೊಡನೆ ಬ್ರಿಟಿಷ್ ಮ್ಯೂಸಿಯಂ ಸೇರಿತು!

ಕರ್ನಾಟಕದಲ್ಲಿ ಯಂತ್ರ ಹಿಡಿಯುವವರಲ್ಲಿ ಇಂಥ ಹವ್ಯಾಸಿಗಳಿಗಿಂತ ನಿಧಿಗಳ್ಳರ ಸುದ್ದಿಯೇ ಹೆಚ್ಚು. ಹಾಳು ಗುಡಿಯ ಲಿಂಗ ಕೀಳುವುದು, ನಂದಿಯನ್ನು ಉರುಳಿಸುವುದು, ವಾಡೆಯ ಗೋಡೆ ಒಡೆಯುವುದು ಇವರ ಕಸುಬು. ಶತಮಾನಗಳ ಮಳೆಗಾಳಿಗೆ ಜಗ್ಗದ ಕಲ್ಲು ಒಂದು ರಾತ್ರಿಯ ಹಾರೆಗೆ ಹೋಗುತ್ತದೆ.

ಕಾನೂನು ಹಳೆಯದೇ. 1878ರ ನಿಧಿ ಕಾಯ್ದೆಯಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕಿತ್ತು. ವಾರಸುದಾರರಿಲ್ಲದಿದ್ದರೆ, ಬೇರೆ ಒಪ್ಪಂದವಿಲ್ಲದಾಗ, ಕಂಡವನಿಗೆ ಮುಕ್ಕಾಲು, ನೆಲದ ಒಡೆಯನಿಗೆ ಕಾಲು ಪಾಲು. ಮುಚ್ಚಿಟ್ಟರೆ ಸೆರೆವಾಸ. 1962ರಲ್ಲಿ ರಾಜ್ಯ ತನ್ನದೇ ಕಾಯ್ದೆ ಮಾಡಿಕೊಂಡಿತು. ಸಂರಕ್ಷಿತ ಸ್ಮಾರಕಗಳ ನೆಲದಲ್ಲಂತೂ ಅನುಮತಿಯಿಲ್ಲದೆ ಗುದ್ದಲಿ ಹಾಕುವುದೇ ಅಪರಾಧ. ರೈತರಿಗಿರುವ ಹೆದರಿಕೆ ಬೇರೆ: ಹೇಳಿದರೆ ಪೊಲೀಸರು, ಪಂಚನಾಮೆ, ಬಿತ್ತುವ ಹೊತ್ತಿಗೆ ಹೊಲದಲ್ಲಿ ಜನಜಾತ್ರೆ. ಆ ಹೆದರಿಕೆಯನ್ನು ಸುಳ್ಳೆನ್ನುವಂತಿಲ್ಲ. ಅದಕ್ಕಾಗಿಯೇ ಎಷ್ಟೋ ಬೆಳ್ಳಿ ಬಂಗಾರ ಸದ್ದಿಲ್ಲದೆ ಪತ್ತಾರರ ಮೂಸೆಗೆ ಇಳಿಯುತ್ತದೆ.

ಬೆಲೆ ಇಲ್ಲವೆಂದು ಎಸೆದದ್ದೂ ಇರುತ್ತದೆ. ವಿಜಯಪುರದ ಎರಡನೆಯ ಅಲಿ ಆದಿಲಶಹನ ಕಾಲದ ಲಾರಿ ಎಂಬ ಬೆಳ್ಳಿ ಹಣ ದುಂಡಗಿಲ್ಲ. ತಲೆಗೆ ಸಿಕ್ಕಿಸುವ ಪಿನ್ನಿನಂತೆ ಮಡಚಿದ ತಂತಿ, ಮೇಲೆ ಅಕ್ಷರದ ಮುದ್ರೆ. ಪರ್ಷಿಯಾದ ಲಾರ್ ಪಟ್ಟಣದ ಹೆಸರಿನ ಇದು ಕಡಲ ವ್ಯಾಪಾರದ ನಾಣ್ಯ, ಕೊಂಕಣದ ಬಂದರುಗಳದ್ದು. ಇಂಡಿಯ ಹೊಲವೊಂದರಲ್ಲಿ ಸಿಕ್ಕರೆ ಬಂದರಿನ ಹಣ ಘಟ್ಟ ಹತ್ತಿ ಭೀಮೆಯ ದಂಡೆಗೂ ಬಂದಿತ್ತೆಂದಾಯಿತು. ಎಲ್ಲಿ ಸಿಕ್ಕಿತೆಂಬುದು ಮರೆತುಹೋದರೆ ಉಳಿಯುವುದು ಬರೀ ಐದು ಗ್ರಾಂಗೂ ಕಡಿಮೆ ಬೆಳ್ಳಿ.

ಇಲ್ಲಿ ಕುಳಿತವರಲ್ಲಿ ಹೊಲವುಳ್ಳವರಿಗೆ ಒಂದು ಮಾತು. ರೆಂಟೆಗೆ ನಾಣ್ಯವೇನಾದರೂ ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಹೋಗುತ್ತದೆ. ಸರ್ವೆ ನಂಬರು, ಯಾವ ಬದುವಿನಿಂದ ಎಷ್ಟು ಮಾರು, ಎಷ್ಟು ಆಳ, ಜೊತೆಗೆ ಮಡಿಕೆಯ ಚೂರಿತ್ತೇ, ಬೂದಿಯಿತ್ತೇ ಎಂಬುದನ್ನು ಚೀಟಿಯಲ್ಲಿ ಬರೆದಿಟ್ಟು, ಆ ಚೀಟಿಯ ಸಮೇತ ತಹಶೀಲ್ದಾರರಿಗೆ ತಿಳಿಸಿ.