ಆಟಗಾರನ ಫೋನು, ಮಕ್ಕಳ ಊಟ



ಆಟಗಾರನಿಗೆ ಆಟ ಸಾಲದೆ, ಫೋನಿನಲ್ಲಿ ಅವನದೇನು ಮಾತು ಎಂದು ನಮ್ಮ ಹಿರಿಯರು ಕೇಳುವುದುಂಟು. ದೊಡ್ಡ ಆಟಗಾರರು ತಮ್ಮ ಜಾಲತಾಣದ ಪುಟಗಳಲ್ಲಿ ಬೂಟು, ಗಡಿಯಾರಗಳ ಜಾಹೀರಾತು ಹಾಕಿ ಹಣ ಮಾಡುವುದೂ ನಿಜವೇ. ಅದು ಹಾಗಿರಲಿ. ಅದೇ ಫೋನಿನಿಂದ ಒಬ್ಬ ಹುಡುಗನು ಸರಕಾರವನ್ನು ಬಗ್ಗಿಸಿದ ಸಂಗತಿಯನ್ನೂ, ಮರುವರ್ಷ ಅದೇ ಫೋನಿನಲ್ಲಿ ಅವನು ತಿಂದ ಪೆಟ್ಟನ್ನೂ ನಾವು ಇಂದು ಹೇಳಬೇಕೆಂದಿದ್ದೇವೆ.

ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1997ರಲ್ಲಿ ಹುಟ್ಟಿದ ಮಾರ್ಕಸ್ ರಾಷ್‌ಫರ್ಡ್ ಕರಿಯ ಮೈಬಣ್ಣದ ಫುಟ್‌ಬಾಲ್ ಆಟಗಾರ. ತಾಯಿ ಒಬ್ಬರೇ ಐದು ಮಕ್ಕಳನ್ನು ಸಾಕಿದರು. ಕನಿಷ್ಠ ಕೂಲಿಗೆ ದಿನವಿಡೀ ದುಡಿದರೂ ರಾತ್ರಿ ಊಟಕ್ಕೆ ಸಾಲುತ್ತಿರಲಿಲ್ಲ. ಶಾಲೆಯ ಉಚಿತ ಊಟ, ನೆರೆಯವರ ಮತ್ತು ಆಟ ಕಲಿಸುವವರ ದಯೆ, ಇವುಗಳಿಂದ ಆ ಮನೆ ನಡೆಯಿತು. ಇದನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ ಅಲ್ಲಿನ ಸರಕಾರ ಬಡ ಮಕ್ಕಳಿಗೆ ಊಟದ ಬದಲು ವಾರಕ್ಕೆ 15 ಪೌಂಡಿನ ಚೀಟಿ ಕೊಡುತ್ತಿತ್ತು. ಬೇಸಿಗೆ ರಜೆಗೆ ಅದು ನಿಲ್ಲುವುದೆಂದಾಯಿತು. ಮಾರ್ಕಸನು ಅಷ್ಟರಲ್ಲಾಗಲೇ ಫೇರ್‌ಷೇರ್ ಎಂಬ ಆಹಾರ ಹಂಚುವ ಸಂಸ್ಥೆಗೆ ಹಣ ಕೂಡಿಸುವುದರಲ್ಲಿ ತೊಡಗಿದ್ದನು. ಜೂನ್ 15ರಂದು, ಈಗ ಎಕ್ಸ್ ಎನಿಸಿಕೊಂಡಿರುವ ಟ್ವಿಟರಿನಲ್ಲಿ, ಪಾರ್ಲಿಮೆಂಟಿನ ಸದಸ್ಯರಿಗೆಲ್ಲ ಒಂದು ಬಹಿರಂಗ ಪತ್ರ ಬರೆದನು. ಅದರಲ್ಲಿ ಅವನು ತನ್ನ ಮನೆಯ ಹಸಿವನ್ನೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡನು. ಆಗ ಅವನಿಗೆ 22 ವರ್ಷ. ಮರುದಿನವೇ ಸರಕಾರ ಮಣಿಯಿತು. ಸುಮಾರು 13 ಲಕ್ಷ ಮಕ್ಕಳಿಗೆ ಆರು ವಾರ ಚೀಟಿ, ಅದಕ್ಕಾಗಿ 12 ಕೋಟಿ ಪೌಂಡು! ಮನವಿ ಬರೆದು ಬರೆದು ಬೆರಳು ಸವೆಸಿಕೊಂಡಿರುವ ನಮಗೆ ಒಂದೇ ದಿನದಲ್ಲಿ ಉತ್ತರ ಬಂತೆಂದರೆ ನಂಬುವುದೇ ಕಷ್ಟ.

ಅಕ್ಟೋಬರ್ 21ರಂದು ಮುಂದಿನ ರಜೆಗಳ ಊಟದ ಗೊತ್ತುವಳಿ ಪಾರ್ಲಿಮೆಂಟಿನಲ್ಲಿ 261ಕ್ಕೆ 322 ಮತಗಳಿಂದ ಬಿದ್ದುಹೋಯಿತು. ಆಗ ಇವನು ಕೂಗಾಡಲಿಲ್ಲ. ಉಚಿತ ಊಟ ಕೊಡುತ್ತೇವೆಂದು ಮುಂದೆ ಬಂದ ಹೋಟೆಲು, ಅಂಗಡಿ, ಊರಿನ ಕೌನ್ಸಿಲುಗಳ ಹೆಸರನ್ನು ಒಂದರ ಹಿಂದೊಂದು ತನ್ನ ಪುಟದಲ್ಲಿ ಹಾಕುತ್ತಾ ಹೋದನು. ಹಸಿದವರಿಗೆ ಎಲ್ಲಿ ಹೋಗಬೇಕೆಂದು ತಿಳಿಯಿತು. ನವೆಂಬರಿನಲ್ಲಿ ಸರಕಾರ ಎರಡನೆಯ ಸಲ ಮಣಿಯಿತು.

ಇನ್ನು ಪೆಟ್ಟಿನ ವಿಷಯ. 2021ರ ಜುಲೈ 11ರಂದು ಲಂಡನಿನ ವೆಂಬ್ಲಿಯಲ್ಲಿ ಯೂರೋಪ್ ಕಪ್ಪಿನ ಫೈನಲ್. ಇಟಲಿಯ ವಿರುದ್ಧ ಆಟ ಸಮವಾಗಿ ಪೆನಾಲ್ಟಿಗೆ ಬಂತು. ಮಾರ್ಕಸ್ ಒದ್ದ ಚೆಂಡು ಕಂಬಕ್ಕೆ ಬಡಿಯಿತು. ಸ್ಯಾಂಚೊ, 19 ವರ್ಷದ ಸಾಕಾ ಒದ್ದದ್ದನ್ನು ಗೋಲಿಯು ತಡೆದನು. ಮೂವರೂ ಕರಿಯರು. ಅದೇ ರಾತ್ರಿ ಅವರ ಪುಟಗಳಲ್ಲಿ ಮೈಬಣ್ಣದ ಬೈಗುಳ, ಕೋತಿಯ ಚಿತ್ರಗಳು. ಇಂಥದ್ದನ್ನು ತಡೆಯಿರೆಂದು ಜಾಲತಾಣದ ಕಂಪನಿಗಳನ್ನು ಒತ್ತಾಯಿಸಿ ಇಂಗ್ಲೆಂಡಿನ ಫುಟ್‌ಬಾಲಿನವರು ಆ ವರ್ಷವೇ ಏಪ್ರಿಲ್ 30ರಿಂದ ಮೇ 3ರ ತನಕ ತಮ್ಮ ಪುಟಗಳನ್ನು ಮೌನವಾಗಿರಿಸಿದ್ದರು. ಒಂದು ಬಗೆಯ ಮುಷ್ಕರವೆನ್ನಿ. ಜುಲೈನಲ್ಲಿ ನೋಡಿದರೆ ಬೈಗುಳದ ಬಾಗಿಲು ತೆರೆದೇ ಇತ್ತು.

ಅದು ಇಂಗ್ಲೆಂಡಿನವರ ರೋಗವೆಂದು ನಾವು ಮೂಗು ಮುರಿಯುವ ಹಾಗಿಲ್ಲ. ಅದೇ ಅಕ್ಟೋಬರ್ 24ರಂದು ದುಬೈಯಲ್ಲಿ ಭಾರತ ಪಾಕಿಸ್ತಾನಕ್ಕೆ ಸೋತಾಗ ಮೊಹಮ್ಮದ್ ಶಮಿಯವರ ಧರ್ಮವನ್ನು ಹಿಡಿದು ಬೈದವರು ನಮ್ಮ ದೇಶದವರೇ. ಬೈದವನ ಮುಖ ಕಾಣುವುದಿಲ್ಲವಲ್ಲ, ಅದೇ ಧೈರ್ಯ. ನಾಯಕ ಕೊಹ್ಲಿ ಪತ್ರಕರ್ತರ ಮುಂದೆ ಶಮಿಯವರ ಪರ ನಿಂತರು.

ಮಾರ್ಕಸನೂ ಬಾಯಿ ಮುಚ್ಚಿಕೊಳ್ಳಲಿಲ್ಲ. ಪೆನಾಲ್ಟಿ ತಪ್ಪಿದ್ದಕ್ಕೆ ಕ್ಷಮೆ ಕೇಳುತ್ತೇನೆ, ನಾನು ಯಾರು, ಎಲ್ಲಿಂದ ಬಂದವನು ಎಂಬುದಕ್ಕೆ ಎಂದಿಗೂ ಕೇಳುವುದಿಲ್ಲ ಎಂದು ಅದೇ ಟ್ವಿಟರಿನಲ್ಲಿ ಬರೆದನು. ಮ್ಯಾಂಚೆಸ್ಟರಿನ ವಿದಿಂಗ್ಟನ್ ಎಂಬಲ್ಲಿ ಗೋಡೆಯ ಮೇಲೆ ಬರೆದಿದ್ದ ಅವನ ದೊಡ್ಡ ಚಿತ್ರವನ್ನು ಸೋತ ರಾತ್ರಿಯೇ ಯಾರೋ ಗೀಚಿ ಕೆಡಿಸಿದ್ದರು. ಬೆಳಗಾದ ಮೇಲೆ ನೆರೆಯ ಜನ ಬಂದು ಗೀಚಿದ ಕಡೆಗೆಲ್ಲ ಕಾಗದ ಅಂಟಿಸಿದರು, ಹೃದಯದ ಚಿತ್ರ ಬರೆದ ಚೀಟಿ ಹಚ್ಚಿದರು. ಮಕ್ಕಳೂ ಬಂದರು, ತಮ್ಮ ಕೈಯಕ್ಷರದಲ್ಲಿ ಬರೆದು ತಂದ ಪತ್ರಗಳನ್ನು ಅಲ್ಲಿ ಅಂಟಿಸಿ ಹೋದರು.