ಮೈಲುತುತ್ತದ ಸೂತ್ರದಲ್ಲೇನಿದೆ?



ಮಳೆಗಾಲ ಹಿಡಿಯುವ ಮುನ್ನ ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗೆ ಮೈಲುತುತ್ತ ಬಂದು ಸೇರುತ್ತದೆ. ಕೊಳೆರೋಗದ ಭಯವೇ ಅದನ್ನು ತರಿಸುತ್ತದೆ. ಅದರ ರಾಸಾಯನಿಕ ಸೂತ್ರ ಸಿಯುಎಸ್‌ಒ₄·5ಎಚ್₂ಒ. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತುಬಿಡುವ ಈ ಸಾಲು ಓದಬಲ್ಲವರಿಗೆ ತೋಟದ ಲೆಕ್ಕಪತ್ರವೇ ಸರಿ.

ಈ ಬರವಣಿಗೆಯ ಕ್ರಮಕ್ಕೆ 1813-14ರ ಸುಮಾರಿಗೆ ತಳಹದಿ ಹಾಕಿದವನು ಸ್ವೀಡನ್ನಿನ ಬರ್ಜೀಲಿಯಸ್. ಮೂಲವಸ್ತುವಿನ ಲ್ಯಾಟಿನ್ ಹೆಸರಿನಿಂದ ಆಯ್ದ ಒಂದೆರಡು ಅಕ್ಷರಗಳೇ ಅದರ ಸಂಕೇತ. ತಾಮ್ರ 'ಕ್ಯೂಪ್ರಂ' ಆದ್ದರಿಂದ ಸಿಯು. ಮೊದಲಕ್ಷರ ದೊಡ್ಡದು, ಎರಡನೆಯದು ಸಣ್ಣದು. ಇದು ಕಡೆಗಣಿಸುವ ನಿಯಮವಲ್ಲ: ದೊಡ್ಡ ಸಿ, ಸಣ್ಣ ಒ ಬರೆದರೆ ಕೋಬಾಲ್ಟ್ ಎಂಬ ಲೋಹ, ಎರಡನ್ನೂ ದೊಡ್ಡದಾಗಿ ಬರೆದರೆ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದಾಗ ಹುಟ್ಟುವ ವಿಷಾನಿಲ.

ಕೆಳಗಿನ ಪುಟ್ಟ ಅಂಕಿ ತನ್ನ ಹಿಂದಿರುವ ಪರಮಾಣುವಿನ ಸಂಖ್ಯೆಯನ್ನಷ್ಟೇ ಹೇಳುತ್ತದೆ. ಎಸ್‌ಒ₄ ಎಂದರೆ ಒಂದು ಗಂಧಕ, ನಾಲ್ಕು ಆಮ್ಲಜನಕ. ಅಂಕಿ ಆವರಣದ ಹೊರಗಿದ್ದರೆ ಒಳಗಿನದೆಲ್ಲಕ್ಕೂ ಅನ್ವಯ. ಅರಳಿಸಿದ ಸುಣ್ಣದಲ್ಲಿ, ಅಂದರೆ ಸಿಎ(ಒಎಚ್)₂ನಲ್ಲಿ, ಆಮ್ಲಜನಕ ಎರಡು, ಜಲಜನಕವೂ ಎರಡು. ಮೈಲುತುತ್ತದ ನಡುವಿನ ಚುಕ್ಕೆಯಾದರೋ ದಶಮಾಂಶವಲ್ಲ, ಗುಣಾಕಾರವೂ ಅಲ್ಲ. ಹರಳಿನೊಳಗೆ ಐದು ನೀರಿನ ಅಣುಗಳು ಸೇರಿಕೊಂಡಿವೆಯೆಂಬ ಸೂಚನೆ ಅದು. ಹರಳನ್ನು ಚೆನ್ನಾಗಿ ಕಾಯಿಸಿದರೆ ಆ ನೀರು ಹೊರಟುಹೋಗಿ, ನವಿಲುಗೊರಳಿನ ನೀಲಿ ಅಳಿದು ಬಿಳಿಯ ಪುಡಿ ಉಳಿಯುತ್ತದೆ.

ಇನ್ನು ತೂಕದ ಮಾತು. ತಾಮ್ರ 63.5, ಗಂಧಕ 32, ನಾಲ್ಕು ಆಮ್ಲಜನಕ 64, ಐದು ನೀರು 90, ಒಟ್ಟು 249.5. ಹಾಗಾಗಿ ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 360 ಗ್ರಾಂ ಬರಿಯ ನೀರು. ತಾಮ್ರ ಸುಮಾರು 255 ಗ್ರಾಂ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ. ಎಂದರೆ 200 ಲೀಟರಿನ ಒಂದು ಡ್ರಮ್ ಖಾಲಿಯಾಗುವಷ್ಟರಲ್ಲಿ ಅರ್ಧ ಕಿಲೋ ತಾಮ್ರ ತೋಟಕ್ಕಿಳಿದಿರುತ್ತದೆ.

ಗೊನೆಯಿಂದ ತೊಳೆದುಹೋದ ತಾಮ್ರ ಎಲ್ಲಿಗೆ ಹೋಗುತ್ತದೆ? ಅದು ಮೂಲವಸ್ತು, ಎಲೆಯಂತೆ ಕೊಳೆಯದು, ಬಿಸಿಲಿಗೆ ಆವಿಯಾಗದು. ಬಹುಪಾಲು ಮೇಲ್ಮಣ್ಣಿನ ಸಾವಯವ ಅಂಶಕ್ಕೆ ಅಂಟಿಕೊಂಡು, ಎರೆಹುಳು ಓಡಾಡುವ ಪದರದಲ್ಲೇ ವರ್ಷವರ್ಷವೂ ಕೂಡುತ್ತದೆ. ಕೊಳೆ ಬಿದ್ದ ವರ್ಷ ಬರಿಗೈಯಲ್ಲಿ ಕುಳಿತವರಿಗೆ ಸಿಂಪಡಣೆ ಬಿಡಿ ಎನ್ನುವುದು ಸುಲಭದ ಉಪದೇಶವಾದೀತು. ಆದರೆ ಅಳತೆಯಿಲ್ಲದೆ ಹೊಡೆಯುವುದು ಬೇರೆ ಸಂಗತಿ. 1885ರಲ್ಲಿ ಮಿಲಾರ್ಡೆ ಈ ದ್ರಾವಣವನ್ನು ಪ್ರಚುರಪಡಿಸಿದ್ದು ಫ್ರಾನ್ಸಿನ ದ್ರಾಕ್ಷಿತೋಟಗಳಿಗಾಗಿ. ಅಲ್ಲಿನ ಮಣ್ಣಿನಲ್ಲಿ ತಾಮ್ರ ಶೇಖರವಾಗುತ್ತ ಬಂತು. ಐರೋಪ್ಯ ಒಕ್ಕೂಟ 2019ರಿಂದ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರವೆಂಬ ಮಿತಿ ವಿಧಿಸಿತು. ಮೈಲುತುತ್ತದ ಲೆಕ್ಕದಲ್ಲಿ ಅದು ಸುಮಾರು 110 ಕಿಲೋ, 200 ಲೀಟರಿನ ಡ್ರಮ್ಮಿನ ಲೆಕ್ಕದಲ್ಲಿ 55.